ಏಳನೇ ಗುಂಡಿಯ ಪಕ್ಕೀರಮ್ಮ

ಬೆಳಗಿನ ಐದೂವರೆ. ಹರಪನಹಳ್ಳಿಯ ಹೊಸಪೇಟೆ ರಸ್ತೆಯ ಹಳೇ ಮೆಕ್ಕೆಜೋಳದ ಗೋದಾಮಿನ ಶಟರ್ ಅರ್ಧಕ್ಕೆ ಎದ್ದು ನಿಂತಿದೆ. ಒಳಗೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಐವತ್ತನಾಲ್ಕರ ಪಕ್ಕೀರಮ್ಮ ಬರಿಗಾಲಲ್ಲಿ ಹಸಿರು ಹುಲ್ಲಿನ ಮೇಲೆ ಮಂಡಿಯೂರಿ, ನೆಲದ ಗುಂಡಿಯೊಂದಕ್ಕೆ ಕೈ ಇಳಿಬಿಟ್ಟಿದ್ದಾರೆ. ಮುಖದಲ್ಲಿ ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿದೆಯೇ ಎಂದು ನೋಡುವ ದನದ ಡಾಕ್ಟರರ ಗಾಂಭೀರ್ಯ. ಕೈ ಹೊರಗೆ ಬರುತ್ತದೆ. ಅದರ ಜೊತೆಗೆ ಎರಡು ಲಿಂಬೆಹೋಳು, ಒಂದು ಹಿಡಿ ಶೇಂಗಾ ಸಿಪ್ಪೆ, ಕಾಗದದ ಒಂದು ಪುಟ್ಟ ಕೊಡೆ.

"ಈ ಕೊಡಿ ಯಾರಿಗಂತ ಇನ್ನೂ ತಿಳಿದಿಲ್ಲ್ರಿ," ಎನ್ನುತ್ತಾರೆ. "ಕುಡಿಯೋ ಗ್ಲಾಸಿನ ಮ್ಯಾಲ ಇಡ್ತಾರ. ಮಳಿ ಬಂದ್ರ ಇರ್ಲಿ ಅಂತೇನೋ. ನಮ್ಮ ತಗಡು ಸೋರಂಗಿಲ್ಲ, ನಾನ ಹತ್ತಿ ನೋಡೀನಿ."

ಬೋರ್ಡಿನ ಮೇಲಿರುವ ಹೆಸರು 'ಗವಿ ಮಿನಿ ಗಾಲ್ಫ್ ಅಂಡ್ ಕಾಕ್‌ಟೇಲ್ಸ್'. ಆ ಹೆಸರನ್ನು ಪೂರ್ತಿ ಹೇಳುವವನು ಬೋರ್ಡು ಬರೆದ ಪೇಂಟರ್ ಒಬ್ಬನೇ. ಉಳಿದವರಿಗೆಲ್ಲ ಇದು ಗುಂಡಿ ಗೋದಾಮು. ಬಸ್ ಸ್ಟ್ಯಾಂಡಿನಲ್ಲಿ ಆಟೊದವರಿಗೆ ಅಷ್ಟು ಹೇಳಿದರೆ ಸಾಕು. ತಗಡಿನ ಚಾವಣಿಯ ಕೆಳಗೆ ಒಂಬತ್ತು ಹಾದಿ, ಒಂಬತ್ತು ಗುಂಡಿ. ಕೈಯಲ್ಲೊಂದು ಕೋಲು ಹಿಡಿದು, ನಿಂಬೆಹಣ್ಣಿನ ಗಾತ್ರದ ಚೆಂಡನ್ನು ತಳ್ಳಿ ಗುಂಡಿಗೆ ಬೀಳಿಸಬೇಕು. ಮೂರನೇ ಹಾದಿಯಲ್ಲಿ ಚೆಂಡು ಹಳೇ ತೂಕದ ಕಟ್ಟೆಯ ಕೆಳಗೆ ನುಸುಳಬೇಕು, ಐದನೆಯದರಲ್ಲಿ ಟ್ರ್ಯಾಕ್ಟರ್ ಟ್ರೇಲರಿನ ಎರಡು ಗಾಲಿಯ ನಡುವೆ ಹಾಯಬೇಕು. ಮೂಲೆಯಲ್ಲಿ ಕಾಕ್‌ಟೇಲ್ ಕೌಂಟರ್. ಸಂಜೆ ಅಲ್ಲಿ ಕೊಟ್ಟೂರಿನ ಕ್ರಾಂತಿ ಎಂಬ ಇಪ್ಪತ್ತಾರರ ಹುಡುಗಿ ಕೂಡ್ಲಿಗಿಯ ಹುಣಸೆಹಣ್ಣಿನ ರಸಕ್ಕೆ ಬೆಲ್ಲ, ಖಾರದಪುಡಿ ಮತ್ತು ರಮ್ ಬೆರೆಸಿ ಕೊಡುತ್ತಾಳೆ. ಅದನ್ನು ಕುಡಿದ ಹಗರಿಬೊಮ್ಮನಹಳ್ಳಿಯ ಗೃಹಸ್ಥರೊಬ್ಬರು ಇಪ್ಪತ್ತು ವರ್ಷದಿಂದ ಮಾತು ಬಿಟ್ಟಿದ್ದ ಭಾವಮೈದುನನಿಗೆ ನಿಂತಲ್ಲೇ ಫೋನ್ ಮಾಡಿದರಂತೆ. ಆ ಕಡೆಯವರು ರಾಂಗ್ ನಂಬರ್ ಅಂದರಂತೆ. ಅವರ ಹತ್ತಿರವೇ ಅರ್ಧ ತಾಸು ಅತ್ತರಂತೆ.

ಸುತ್ತಮುತ್ತಲಿನ ಐದೂ ತಾಲ್ಲೂಕಿನವರು ಇಲ್ಲಿಗೆ ಬಂದು ಆಡಿ ಹೋಗುತ್ತಾರೆ. ಕೋಲು ಗೊತ್ತು, ಚೆಂಡು ಗೊತ್ತು, ಕ್ರಾಂತಿಯೂ ಗೊತ್ತು. ಚೆಂಡು ನೆಟ್ಟಗೆ ಹೋಗುವುದು ಯಾರಿಂದ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.

ಪಕ್ಕೀರಮ್ಮನ ಬೆಳಗಿನ ಲೆಕ್ಕ ಹೀಗಿದೆ. ಒಂಬತ್ತು ಗುಂಡಿಗೆ ಕೈ ಹಾಕಬೇಕು. ಅರವತ್ತಮೂರು ಚೆಂಡು ತೊಳೆಯಬೇಕು, ನಲವತ್ತು ಕೋಲು ಒರೆಸಬೇಕು. ಹುಲ್ಲು ನೈಲಾನಿನದು, ಆದರೂ ಅದನ್ನು ಎಬ್ಬಿಸಿ ನಿಲ್ಲಿಸುವವರು ಬೇಕು. ಭಾನುವಾರ ನೂರಾ ಎಂಬತ್ತು ಜನ ತುಳಿದ ಹುಲ್ಲು ಸೋಮವಾರ ಮಲಗಿರುತ್ತದೆ. ಅದನ್ನು ಗಟ್ಟಿ ಪೊರಕೆಯಿಂದ ಎದುರು ಬಾಚಿ ಎಬ್ಬಿಸುತ್ತಾರೆ. ಪಾನೀಯ ಚೆಲ್ಲಿದ ಜಾಗ ಅಂಟಾಗಿರುತ್ತದೆ. ಅಲ್ಲಿಗೆ ಕ್ರಾಂತಿಯ ಕೌಂಟರಿನಲ್ಲಿ ಹಿಂಡಿ ಉಳಿದ ಲಿಂಬೆಸಿಪ್ಪೆ, ಬಿಸಿನೀರು. "ಸಕ್ಕರಿ ಪಾಕ ಬಿದ್ದಲ್ಲಿ ಚೆಂಡು ಬೀಗರ ಮನಿಗೆ ಬಂದಂಗ ಕುಂತುಬಿಡ್ತೈತ್ರಿ. ಏಳಂಗಾ ಇಲ್ಲ."

ಕೊನೆಗೆ ಬರಿಗಾಲಲ್ಲಿ ಒಂಬತ್ತೂ ಹಾದಿಯನ್ನು ನಡೆಯುತ್ತಾರೆ. ಎಲ್ಲಿ ಎಳ್ಳಷ್ಟು ಉಬ್ಬಿದೆ, ಎಲ್ಲಿ ಕೂದಲೆಳೆಯಷ್ಟು ತಗ್ಗಿದೆ ಎಂಬುದು ಅಂಗಾಲಿಗೆ ತಿಳಿಯುತ್ತದೆ. ಒಮ್ಮೆ ಎರಡನೇ ಹಾದಿಯಲ್ಲಿ ನಡೆಯುತ್ತಿದ್ದವರು ನಿಂತು, "ಇಲ್ಲಿ ಕೆಳಗ ಏನೋ ಐತಿ" ಅಂದರು. ಹುಲ್ಲು ಸರಿಸಿ ನೋಡಿದರೆ ಒಂದೇ ಒಂದು ಮೆಕ್ಕೆಜೋಳದ ಕಾಳು.

ಈ ಅಂಗಾಲು ತಯಾರಾದದ್ದು ಇದೇ ಗೋದಾಮಿನಲ್ಲಿ. ಚಿಗಟೇರಿಯಿಂದ ಮದುವೆಯಾಗಿ ಬಂದ ವರ್ಷವೇ ಇಲ್ಲಿ ಕಸ ಹೊಡೆಯುವ ಕೆಲಸಕ್ಕೆ ಸೇರಿದರು. ಗಂಡ ದುರುಗಪ್ಪ ಇಲ್ಲಿಯೇ ಹಮಾಲರಾಗಿದ್ದರು. ನೆಲಕ್ಕೆ ಬಿದ್ದ ಕಾಳು ಕಸ ಹೊಡೆಯುವ ಹೆಂಗಸರಿಗೆ ಎಂಬುದು ಆಗಿನ ರಿವಾಜು. ಹಮಾಲರು ಚೀಲವನ್ನು ಕಬ್ಬಿಣದ ಕೊಕ್ಕೆಯಿಂದ ಎಳೆಯುತ್ತಾರೆ. ಕೊಕ್ಕೆ ಚುಚ್ಚಿದಲ್ಲಿ ನಾಲ್ಕು ಕಾಳು ಉದುರುತ್ತವೆ. ದುರುಗಪ್ಪನ ಕೊಕ್ಕೆಗೆ ಮಾತ್ರ ಒಂದು ಕೆಟ್ಟ ಚಟವಿತ್ತು. ಅದು ಪಕ್ಕೀರಮ್ಮ ಪೊರಕೆ ಹಿಡಿದು ನಿಂತ ಸಾಲಿಗೆ ಬಂದಾಗಲೇ ಹೆಚ್ಚು ಚುಚ್ಚುತ್ತಿತ್ತು.

"ಉಳಿದ ಹೆಂಗಸ್ರು ಬೈತಿದ್ರು. 'ಎಲ್ಲಾ ನಿನ್ನ ಸಾಲಿಗೆ ಸುರೀತಾನಲ್ಲೇ' ಅಂತ. ನಾನೇನ್ ಮಾಡ್ಲಿ? ಕೊಕ್ಕಿ ಅವನ ಕೈಯಾಗ ಇತ್ತು," ಎಂದು ಹೇಳಿ ಪಕ್ಕೀರಮ್ಮ ಚೆಂಡು ಒರೆಸುವ ಬಟ್ಟೆಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ.

ಕಾಳು ಗುಡಿಸುವುದಲ್ಲದೆ ಅವರಿಗೆ ಇನ್ನೊಂದು ಕೆಲಸವಿತ್ತು: ಇಲಿಬಿಲ ಮುಚ್ಚುವುದು. ಗೋದಾಮಿನ ನೆಲದಲ್ಲಿ ತೂತು ಕಂಡರೆ ಒಳಗೆ ಒಡೆದ ಗಾಜು ತುಂಬಿ, ಮೇಲೆ ಸಿಮೆಂಟು ಬಳಿದು, ಬಟ್ಟಲಿನ ತಳದಿಂದ ಉಜ್ಜಿ ನುಣ್ಣಗೆ ಮಾಡಬೇಕು. ಯಾರನ್ನೂ ಕೇಳಬೇಕಾಗಿಲ್ಲ, ಕಂಡ ತಕ್ಷಣ ಮುಚ್ಚಬೇಕು. ಇಪ್ಪತ್ತೆಂಟು ವರ್ಷ ಮುಚ್ಚಿದ್ದಾರೆ. ಕೊನೆಕೊನೆಗೆ ಇಲಿಗಳು ಅವರ ಪೊರಕೆಯ ಸದ್ದು ಕೇಳಿಯೇ ಪಕ್ಕದ ಗೋದಾಮಿಗೆ ಸಂಸಾರ ಸಮೇತ ಹೋಗುತ್ತಿದ್ದವು ಎಂದು ಹಮಾಲರು ಇಂದಿಗೂ ಆಣೆ ಮಾಡುತ್ತಾರೆ.

ಎರಡು ವರ್ಷದ ಹಿಂದೆ ಮೆಕ್ಕೆಜೋಳದ ವ್ಯಾಪಾರ ಊರ ಹೊರಗಿನ ಹೊಸ ಗೋದಾಮುಗಳಿಗೆ ಹೋಯಿತು. ಮಾಲೀಕರ ಮಗ ಗವಿಸಿದ್ದೇಶ್ ಖಾಲಿ ಗೋದಾಮಿನಲ್ಲಿ ಏನು ಮಾಡುವುದೆಂದು ತಿಂಗಳುಗಟ್ಟಲೆ ಫೋನು ನೋಡಿ, ಮಿನಿ ಗಾಲ್ಫ್ ಎಂದು ನಿರ್ಧರಿಸಿದ. ಪಕ್ಕೀರಮ್ಮನನ್ನು ಅವನು ಹೊಸದಾಗಿ ನೇಮಿಸಿಕೊಳ್ಳಲಿಲ್ಲ. ಬೀಗ, ಕೀಲಿ, ಪಕ್ಕೀರಮ್ಮ ಮೂರೂ ಗೋದಾಮಿನ ಜೊತೆಗೇ ಬಂದವು.

ಉದ್ಘಾಟನೆಯ ಮುನ್ನಾ ದಿನ ಕೆಲಸಗಾರರು ನೆಲದಲ್ಲಿ ಒಂಬತ್ತು ಗುಂಡಿ ಕೊರೆದು ಊಟಕ್ಕೆ ಹೋದರು. ಮಧ್ಯಾಹ್ನ ಪಕ್ಕೀರಮ್ಮ ಒಳಗೆ ಬಂದು ನೋಡುತ್ತಾರೆ: ಒಂಬತ್ತು ಬಿಲ! ಅದೂ ಒಂದೇ ದಿನದಲ್ಲಿ. ಅದೂ ಇಷ್ಟು ದುಂಡಗೆ.

"ಇಲಿ ಅಲ್ಲ, ಹಂದಿಯಷ್ಟು ಹೆಗ್ಗಣ ಇರಬೇಕು ಅನ್ಕಂಡೆ. ಎದಿ ಧಸಕ್ ಅಂತು. ಸಣ್ಣ ಸಾವ್ಕಾರ ನಾಳಿ ಪೂಜಿ ಇಟ್ಕಂಡಾನ, ಜನ ಬರ್ತಾರ, ಮರ್ಯಾದಿ ಹೋಗ್ತೈತಿ ಅಂತ ಎರಡು ತಾಸಿನ್ಯಾಗ ಒಂಬತ್ತೂ ಮುಚ್ಚಿದೆ. ಒಳಗ ಗಾಜು, ಮ್ಯಾಲ ಸಿಮೆಂಟು. ಬಟ್ಟಲ ತಗಂಡು ಉಜ್ಜಿ ಉಜ್ಜಿ ಕನ್ನಡಿ ಮಾಡಿದೆ. ಮನಿಗೆ ಹೋಗಿ ಮೈ ತೊಳಕಂಡು ನಿಶ್ಚಿಂತಿ ಮಲಗಿದೆ."

ಕೆಲಸಗಾರರು ಸಂಜೆ ಅವಸರದಲ್ಲಿ ಹುಲ್ಲಿನ ಹಾಸು ಹಾಸಿ ಹೋದರು. ಮರುದಿನ ಬೆಳಿಗ್ಗೆ, ಹಾರ ಹಾಕಿಕೊಂಡ ಗವಿಸಿದ್ದೇಶ್ ಅಷ್ಟೂ ಜನರ ಎದುರು ಹುಲ್ಲನ್ನು ದುಂಡಗೆ ಕತ್ತರಿಸಿದ. ಕೆಳಗೆ ಗುಂಡಿಯಿಲ್ಲ. ಎರಡನೆಯದು ಕತ್ತರಿಸಿದ. ಇಲ್ಲ. ಒಂಬತ್ತೂ ಇಲ್ಲ.

"ಗುಂಡಿ ಎಲ್ಲ್ಹೋದ್ವು?" ಎಂದು ಅವನು ಕೂಗಿದಾಗ ಹಿಂದಿನಿಂದ ಪಕ್ಕೀರಮ್ಮ ಹೆಮ್ಮೆಯಿಂದ, "ಒಂದೂ ಬಿಟ್ಟಿಲ್ರಿ ಸಾವ್ಕಾರ್ರ" ಅಂದರು.

ಎಂಟನ್ನು ಮತ್ತೆ ಕೊರೆದರು. ಏಳನೆಯದು ಮಾತ್ರ ಬಾಯಿ ಬಿಡಲಿಲ್ಲ. ಅದರಲ್ಲಿ ಎರಡು ಡ್ರಿಲ್ ಮುರಿದವು. ಮೂರನೆಯದನ್ನು ತರಲು ಹೋದವನು ಹೊಸಪೇಟೆಯಿಂದ ಇನ್ನೂ ಬಂದಿಲ್ಲ ಎನ್ನುತ್ತಾರೆ. ಕೊನೆಗೆ ಪಕ್ಕದಲ್ಲೇ ಒಂದು ಗೇಣು ಬಿಟ್ಟು ಗುಂಡಿ ತೋಡಿದರು. ಸಿಮೆಂಟು ಹೆಚ್ಚಾಗಿ ಗುಬ್ಬಿಯಂತೆ ಉಬ್ಬಿ ನಿಂತಿದ್ದ ಪಕ್ಕೀರಮ್ಮನ ಮುಚ್ಚಳ ಅದರ ಮುಂದೆ ಹಾಗೇ ಉಳಿಯಿತು. ಹುಲ್ಲಿನ ಕೆಳಗೆ ತಲೆಯೆತ್ತಿ ಕುಳಿತ ಆ ಗುಬ್ಬಿಯಿಂದಾಗಿ ಏಳನೇ ಗುಂಡಿ ಐದು ತಾಲ್ಲೂಕಿನ ಗಂಡಸರ ಗರ್ವ ಮುರಿಯುವ ಜಾಗವಾಯಿತು. ನೆಟ್ಟಗೆ ಹೊಡೆದರೆ ಚೆಂಡು ಗುಬ್ಬಿ ಹತ್ತಿ ಎಡಕ್ಕೆ ಜಾರುತ್ತದೆ. ಮೆಲ್ಲಗೆ ಹೊಡೆದರೆ ಕಾಲಿಗೇ ವಾಪಸ್ಸು. ಹಂಪಸಾಗರದ ಮೇಷ್ಟ್ರೊಬ್ಬರು ಸಿಟ್ಟಿಗೆದ್ದು ಹೊಡೆದ ಚೆಂಡು ಕಿಟಕಿ ದಾಟಿ, ರಸ್ತೆಯಲ್ಲಿ ಹೊರಟಿದ್ದ ಲಾರಿಯ ಮೇಲೆ ಬಿದ್ದು ದಾವಣಗೆರೆಗೆ ಹೋಯಿತು. ಹೂವಿನಹಡಗಲಿಯ ಹೊಸ ಮದುಮಗನೊಬ್ಬ ಅಲ್ಲಿ ಮೂರು ತಾಸು ನಿಂತ. ಅಷ್ಟರಲ್ಲಿ ಹೆಂಡತಿ ಉಳಿದ ಎಂಟನ್ನೂ ಆಡಿ, ಪೇರಲಹಣ್ಣಿನ ಜ್ಯೂಸು ಕುಡಿದು, ಮಂಡಕ್ಕಿ ಮಿರ್ಚಿ ತಿಂದು, ಬಸ್ ಹತ್ತಿ ಮನೆಗೆ ಹೋಗಿದ್ದಳು.

ಆದರೆ ಈ ಏಳನೆಯದನ್ನು ಎಲ್ಲರಿಗಿಂತ ಹೆಚ್ಚು ಸಲ ಆಡಿದ ಮನುಷ್ಯನ ಹೆಸರು ಗೋದಾಮಿನ ರಿಜಿಸ್ಟರಿನಲ್ಲಿಲ್ಲ. ಅವರು ದುರುಗಪ್ಪ.

ಹದಿನಾಲ್ಕು ತಿಂಗಳ ಹಿಂದೆ ದುರುಗಪ್ಪನವರಿಗೆ ಲಕ್ವಾ ಹೊಡೆಯಿತು. ಕಾಲು ಚೇತರಿಸಿಕೊಂಡಿತು, ಮಾತೂ ಬಂತು. ಕ್ವಿಂಟಲ್ ಚೀಲ ಎಳೆಯುತ್ತಿದ್ದ ಬಲಗೈ ಮಾತ್ರ ನಡುಗತೊಡಗಿತು. ಹಡಗಲಿಯಲ್ಲಿ ನರ್ಸ್ ಆಗಿರುವ ಮಗಳು ಸಮತಾ, ಹಿಸುಕುವ ರಬ್ಬರ್ ಚೆಂಡು ತಂದುಕೊಟ್ಟು ದಿನಕ್ಕೆ ನೂರು ಸಲ ಅಂದಳು. "ನಾನೇನು ತೊಟ್ಲಾಗಿನ ಕೂಸಾ?" ಎಂದು ದುರುಗಪ್ಪ ಅದನ್ನು ಅಟ್ಟದ ಮೇಲೆಸೆದರು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಾಯಿತು. ಗೋದಾಮಿನ ಎದುರಿನ ಚಾ ಅಂಗಡಿ ಹಮಾಲರ ಅಡ್ಡೆ. ಮೂವತ್ತು ವರ್ಷ ಬೆಳಿಗ್ಗೆ ಆರೂವರೆಗೆ ಅಲ್ಲಿಯ ಬೆಂಚಿನ ಮೇಲೆ ಕೂತ ಮನುಷ್ಯ, ಕೈ ನಡುಗಿ ಚಾ ಚೆಲ್ಲುವುದನ್ನು ಗೆಳೆಯರು ನೋಡಬಾರದೆಂದು ಆ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಮನೆಯಲ್ಲೇ ಗೋಡೆಗೆ ಮುಖ ಮಾಡಿ ಕೂರತೊಡಗಿದರು.

"ಸಾಯೋಕಿಂತ ಅದು ಕೆಟ್ಟದ್ರಿ," ಎನ್ನುತ್ತಾರೆ ಪಕ್ಕೀರಮ್ಮ. ಈ ಒಂದು ಮಾತು ಹೇಳುವಾಗ ಮಾತ್ರ ಅವರ ಕೈಯಲ್ಲಿನ ಬಟ್ಟೆ ನಿಲ್ಲುತ್ತದೆ. "ಚೀಲ ಹೊತ್ತಾವ ಚೀಲದಂಗ ಕುಂತ."

ಒಂದು ದಿನ ನಸುಕಿನಲ್ಲಿ ಅವರು ಗಂಡನಿಗೆ, "ಒಬ್ಬಾಕಿ ಹೋಗಾಕ ಅಂಜಿಕಿ ಬರ್ತೈತಿ, ಜೊತಿಗೆ ಬಾ" ಅಂದರು. ಕತ್ತಲಲ್ಲಿ ಹಾವು ಬಂದರೆ ಅದಕ್ಕೇ ದಾರಿ ಬಿಡು ಎನ್ನುವ ಹೆಂಗಸು ಇವರು. ದುರುಗಪ್ಪ ನಂಬಿದರೋ, ನಂಬಿದಂತೆ ಮಾಡಿದರೋ, ಬಂದರು. ಪಕ್ಕೀರಮ್ಮ ಅವರ ಬಲಗೈಗೆ ಒಂದು ಕೋಲು ಕೊಟ್ಟು ಗುಡಿಸತೊಡಗಿದರು. ದುರುಗಪ್ಪ ಎಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾರೆ? ಚೆಂಡು ಕಾಲ ಬಳಿಯೇ ಇತ್ತು. ತಳ್ಳಿದರು.

ನಾಲ್ಕು ತಿಂಗಳಲ್ಲಿ ಒಂದೊಂದಾಗಿ ಎಂಟು ಗುಂಡಿಗೂ ಚೆಂಡು ಬಿತ್ತು. ಉಳಿದದ್ದು ಏಳನೆಯದು. ಅದರ ಮುಂದೆ ದುರುಗಪ್ಪ ಒಂದು ಮಾತು ಹೇಳಿಬಿಟ್ಟರು: "ಲೇ ಪಕ್ಕೀರಿ, ಇದರಾಗ ಈ ಕೈಲೆ ಚೆಂಡು ಬಿದ್ದ ದಿನ ಚಾ ಅಂಗಡಿಗೆ ಹೋಗ್ತೀನಿ. ಅಲ್ಲೀತನಕ ಕೇಳಬ್ಯಾಡ."

ಪಕ್ಕೀರಮ್ಮ ಕೇಳಲಿಲ್ಲ. ದಿನಾ ಬೆಳಿಗ್ಗೆ ಇಪ್ಪತ್ತು ಸಲ ಹೊಡೆದು ದುರುಗಪ್ಪ ಹಿಂದಿನ ಬಾಗಿಲಿಂದ ಮನೆಗೆ ಹೋಗುತ್ತಿದ್ದರು. ಮಾಲೀಕನಿಗೆ ಇದರ ಸುಳಿವಿರಲಿಲ್ಲ.

ಹೀಗಿರುವಾಗ ಕೂಡ್ಲಿಗಿಯ ಯಾರೋ ಫೋನಿನಲ್ಲಿ ಗುಂಡಿ ಗೋದಾಮಿಗೆ ಒಂದೇ ಸ್ಟಾರ್ ಕೊಟ್ಟು, 'ಏಳನೆಯದು ಮೋಸ' ಎಂದು ಬರೆದರು. ಗವಿಸಿದ್ದೇಶನಿಗೆ ಊಟ ಸೇರದಂತಾಯಿತು. "ಭಾನುವಾರ ಏಳನೇದ್ರಾಗ ಟ್ರಾಫಿಕ್ ಜಾಮ್ ಆಗ್ತೈತಿ ಪಕ್ಕೀರಮ್ಮ. ಸೋಮವಾರ ರಜಾ ಐತಲ್ಲ, ಗೌಂಡಿ ಗಾಳೆಪ್ಪನ್ನ ಕರಸೀನಿ. ಆ ಗುಬ್ಬಿ ಒಡದು ಸಪಾಟ ಮಾಡಿಬಿಡ್ತಾನ" ಅಂದ.

ಪಕ್ಕೀರಮ್ಮ ಆ ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಸುದ್ದಿ ಹೇಳಿ, ತಾವೇ ಅಂದರು: "ಒಳ್ಳೇದಾತು. ಸಪಾಟ ಆದಮ್ಯಾಲ ಸಲೀಸು ಬೀಳ್ತೈತಿ."

"ಸಪಾಟ ಆದಮ್ಯಾಲ ಬಿದ್ರ ಅದು ಬಿದ್ದಂಗೇನ?" ಎಂದರು ದುರುಗಪ್ಪ. "ಆವಾಗ ಯಾರ ಹೊಡದ್ರೂ ಬೀಳ್ತೈತಿ. ನಾ ಯಾವ ಮಕ ಇಟ್ಕಂಡು ಹೋಗ್ಲಿ?"

ಉಳಿದದ್ದು ಎರಡೇ ಬೆಳಗು. ಭಾನುವಾರ ಅರವತ್ತು ಸಲ ಹೊಡೆದರು. ಬೀಳಲಿಲ್ಲ.

ಸೋಮವಾರ ಪಕ್ಕೀರಮ್ಮ ಒಂದು ಕೆಲಸ ಮಾಡಿದರು. ಮೂವತ್ತು ವರ್ಷದ ಕೆಲಸದಲ್ಲಿ ಮಾಡಿದ ಒಂದೇ ಒಂದು ಮೋಸ ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಗಂಡ ಮುಖ ತೊಳೆಯುವಷ್ಟರಲ್ಲಿ ಏಳನೇ ಹಾದಿಯ ಹುಲ್ಲನ್ನು ಗುಬ್ಬಿಯ ಬಲಬದಿಯಿಂದ ಗುಂಡಿಯ ಕಡೆಗೆ ಮಲಗಿಸಿ ಬಾಚಿದರು. ಮಲಗಿದ ಹುಲ್ಲಿನ ಮೇಲೆ ಚೆಂಡು ತಾನಾಗಿ ಆ ಕಡೆ ಹೊರಳುತ್ತದೆ. ಕಣ್ಣಿಗೆ ಕಾಣುವ ಬದಲಾವಣೆಯಲ್ಲ.

ದುರುಗಪ್ಪ ಬಂದು ಕೋಲು ಹಿಡಿದರು. ಚೆಂಡಿಟ್ಟರು. ಬಾಗಿದರು. ಹಾಗೇ ನಿಂತರು.

"ಹುಲ್ಲು ಈ ಕಡಿ ಯಾಕ ಮಲಗೈತಿ?"

"ನಿನ್ನಿ ಜನ ತುಳದಾರ."

"ಜನ ಒಂದಾ ಕಡಿ ತುಳೀತಾರೇನ್ಲೇ? ಕುರಿ ಹಿಂಡು ಬಂದಿತ್ತೇನ?"

ಪಕ್ಕೀರಮ್ಮ ಪೊರಕೆ ತಂದು ಹುಲ್ಲನ್ನು ಎಬ್ಬಿಸಿ ನಿಲ್ಲಿಸಿದರು. "ಸಿಟ್ಟು ಬಂತೇನ?" ಎಂದು ಕೇಳಿದರು. "ಇಲ್ಲ," ಅಂದರು ದುರುಗಪ್ಪ. "ಕಾಳು ಸುರಿಯೋದು ನನ್ನ ಕೆಲಸ ಇತ್ತು. ನೀ ಯಾವಾಗ ಕಲತಿ?"

ಹೊಡೆದರು. ಇಪ್ಪತ್ತು, ಮೂವತ್ತು. ಅಷ್ಟರಲ್ಲಿ ಶಟರ್ ಪೂರ್ತಿ ಮೇಲೆದ್ದಿತು. ಗವಿಸಿದ್ದೇಶ್, ಅವನ ಹಿಂದೆ ಸುತ್ತಿಗೆ ಉಳಿ ಹಿಡಿದ, ಗಾರೆಕೆಲಸದ ಗೌಂಡಿ ಗಾಳೆಪ್ಪ. ಅಡಗಲು ಸಮಯವಿರಲಿಲ್ಲ, ಅಡಗುವ ಆಳೂ ದುರುಗಪ್ಪ ಅಲ್ಲ.

"ದುರುಗಪ್ಪಣ್ಣ? ನೀನೇನ್ ಮಾಡಾಕತ್ತಿ ಇಲ್ಲಿ?"

"ಗುಂಡಿಗೆ ಹಾಕಾಕತ್ತೀನಿ. ಬೀಳವಲ್ದು," ಅಂದರು ದುರುಗಪ್ಪ. ಪಕ್ಕೀರಮ್ಮ ತಪ್ಪೆಲ್ಲ ತನ್ನದೇ ಎಂದು ಹೇಳಲು ಬಾಯಿ ತೆರೆದರು. ಆದರೆ ಗವಿಸಿದ್ದೇಶನ ಕಣ್ಣು ಆ ನಡುಗುವ ಬಲಗೈಯ ಮೇಲಿತ್ತು. ಅವನು ಕೆಮ್ಮಿ ಗಾಳೆಪ್ಪನಿಗೆ ದಾರಿ ಬಿಟ್ಟ.

ಗಾಳೆಪ್ಪನಿಗೆ ಇದಾವುದೂ ಬೇಕಿರಲಿಲ್ಲ. ಅವನು ಹುಲ್ಲು ಮಡಚಿ ಗುಬ್ಬಿಯ ಮೇಲೆ ಸುತ್ತಿಗೆಯಿಂದ ಟಕ್ ಟಕ್ ಎಂದು ಬಡಿದು ಕಿವಿಗೊಟ್ಟ.

"ಇದನ್ನ ಯಾವ ಗೌಂಡಿ ಹಾಕಿದ್ದು?"

"ನಾನ," ಅಂದರು ಪಕ್ಕೀರಮ್ಮ.

"ಎಷ್ಟು ಸಿಮೆಂಟ್ ಹಾಕಿದಿ ಬೇ ಯವ್ವಾ?"

"ಇಲಿ ಹೊರಗ ಬರಬಾರ್ದಷ್ಟು."

ಗಾಳೆಪ್ಪ ಗುಬ್ಬಿಯನ್ನು ಅಂಗೈಯಿಂದ ಸವರಿದ. ಒಡೆಯುವ ಮುಂಚೆ ಒಂದು ಸಲ ನೋಡೋಣವೆಂದು ಹುಲ್ಲು ಮುಚ್ಚಿ, ದುರುಗಪ್ಪನ ಕೋಲು ಕೇಳಿ ಹೊಡೆದ. ಚೆಂಡು ಎಡಕ್ಕೆ ಜಾರಿತು. ಮತ್ತೆ ಹೊಡೆದ. ಕಾಲಿಗೆ ಬಂತು. ಹನ್ನೊಂದು ಸಲ ಹೊಡೆದು, "ನೆಲ ವಾಲೈತಿ" ಅಂದ. ಗವಿಸಿದ್ದೇಶ್ ಹೊಡೆದು, "ಕೋಲು ಸರಿಯಿಲ್ಲ" ಅಂದ. ಇಬ್ಬರೂ ಸೇರಿ ಒಂದು ತಾಸು ಸೋತರು.

"ಸರೀರೋ ಆ ಕಡಿ," ಎಂದರು ದುರುಗಪ್ಪ. ನಡುಗುವ ಕೈಯಲ್ಲೇ ಕೋಲು ಹಿಡಿದು, ಗುಂಡಿಯ ಕಡೆಗಲ್ಲ, ಬಲಗಡೆಯ ಗೋಡೆಗೆ ಹೊಡೆದರು. ಚೆಂಡು ಗೋಡೆ ತಾಗಿ ತಿರುಗಿತು, ಗುಬ್ಬಿಯ ಹೆಗಲು ಹತ್ತಿತು, ಗುಂಡಿಯ ಅಂಚಿಗೆ ಬಂದು ಒಂದು ಪೂರ್ತಿ ಸುತ್ತು ಹಾಕಿತು. ಮೂವರೂ ಗಂಡಸರು ಒಟ್ಟಿಗೆ ಕೂಗಿದರು. ಚೆಂಡು ಸುತ್ತು ಮುಗಿಸಿ, ಹೊರಗೆ ಬಂದು ನಿಂತಿತು.

"ಅಯ್ಯಯ್ಯೋ! ಹೆಂಗ ಹೊಡದಿ ಮಾವ ಅದನ್ನ?" ಎಂದು ಗಾಳೆಪ್ಪ ತಲೆ ಮೇಲೆ ಕೈ ಹೊತ್ತ. "ಗೋಡಿ ಲೆಕ್ಕ ಯಾರು ಹೇಳಿದ್ರು? ಇನ್ನ ನೂಲಿನಷ್ಟು ಬಲಕ್ಕ ಹೋಗಿದ್ರ ಬಿದ್ದಿತ್ತು!"

"ಬಲಕ್ಕಲ್ಲ, ಮೆತ್ತಗ," ಅಂದರು ದುರುಗಪ್ಪ.

"ಬಲಕ್ಕ! ನಾ ಗೌಂಡಿ, ನನಗ ಹೇಳ್ತೀಯೇನ?"

"ನಾ ಆರು ತಿಂಗಳಾತು ಹೊಡ್ಯಾಕತ್ತಿ. ನೀ ಇವತ್ತು ಬಂದಾವ!"

"ಇದನ್ನ ಇವತ್ತು ಒಡ್ಯಂಗಿಲ್ಲ್ರಿ ಸಾವ್ಕಾರ್ರ," ಎಂದು ಗಾಳೆಪ್ಪ ಮಾಲೀಕನತ್ತ ತಿರುಗಿ ಹೇಳಿದ. "ನನ್ನ ಕೈಲೆ ಬೀಳೋತನಕ ಸುತ್ತಿಗಿ ಮುಟ್ಟಂಗಿಲ್ಲ. ಬಾ ಮಾವ, ಚಾ ಕುಡೀತ ಮಾತಾಡಾಮು. ಬಲಕ್ಕ ಅಂದ್ರ ಬಲಕ್ಕ."

"ಮೆತ್ತಗಲೇ, ಮೆತ್ತಗ!" ಎನ್ನುತ್ತ ದುರುಗಪ್ಪ ಅವನ ಹಿಂದೆ ಶಟರ್ ದಾಟಿದರು. ರಸ್ತೆ ದಾಟಿದರು. ಗಾಳೆಪ್ಪನ ಜೊತೆ ಜಗಳವಾಡುತ್ತಲೇ ಚಾ ಅಂಗಡಿಯ ಬೆಂಚಿನ ಮೇಲೆ, ಹಳೇ ಹಮಾಲರ ನಡುವೆ ಜಾಗ ಮಾಡಿಕೊಂಡು ಕೂತರು.

ಪಕ್ಕೀರಮ್ಮ ಶಟರಿನ ಬಳಿ ಪೊರಕೆ ಹಿಡಿದು ನಿಂತು ನೋಡಿದರು. ಚಾ ಬಂತು. ದುರುಗಪ್ಪ ಬಲಗೈಯಲ್ಲಿ ಕಪ್ಪು ಎತ್ತಿದರು. ಕೈ ನಡುಗಿತು. ಅರ್ಧ ಚಾ ಬೆಂಚಿನ ಮೇಲೆ ಚೆಲ್ಲಿತು. ಅಲ್ಲಿ ಯಾರೂ ಕೈ ನೋಡಲಿಲ್ಲ. ಗಾಳೆಪ್ಪ ಚೆಲ್ಲಿದ ಚಾದಲ್ಲಿ ಬೆರಳದ್ದಿ ಬೆಂಚಿನ ಮೇಲೆ ಗೋಡೆ ಬರೆದ, ಗುಬ್ಬಿ ಬರೆದ, ಗುಂಡಿ ಬರೆದ. ಐದಾರು ತಲೆ ಅದರ ಮೇಲೆ ಬಾಗಿದವು. ಚಾ ಸಾಲದೆ ಗಾಳೆಪ್ಪ, "ಇನ್ನೊಂದೀಟು ಚೆಲ್ಲು ಮಾವ" ಅಂದನಂತೆ.

ಅದಾಗಿ ಮೂರು ವಾರ. ಗವಿಸಿದ್ದೇಶ್ ಏಳನೇ ಗುಂಡಿಯ ಪಕ್ಕ ಒಂದು ಹಲಗೆ ತೂಗುಹಾಕಿ, ಇದುವರೆಗೆ ಹಾಕಿದವರ ಹೆಸರು ಬರೆಯಲು ಜಾಗ ಬಿಟ್ಟಿದ್ದಾನೆ. ಹಲಗೆ ಖಾಲಿ ಇದೆ. ಇದನ್ನು ನೋಡಲೆಂದೇ ಜನ ಬರುತ್ತಿದ್ದಾರೆ. ದುರುಗಪ್ಪ ದಿನಾ ಬೆಳಿಗ್ಗೆ ಮುಂದಿನ ಬಾಗಿಲಿಂದಲೇ ಬಂದು ಇಪ್ಪತ್ತು ಸಲ ಹೊಡೆದು, ಆರೂವರೆಗೆ ಚಾಕ್ಕೆ ಹೋಗುತ್ತಾರೆ.

ಚೆಂಡು ಇನ್ನೂ ಬಿದ್ದಿಲ್ಲ. ಬೀಳುವ ತನಕ ಹೋಗುವುದಿಲ್ಲ ಎಂದಿದ್ದರಲ್ಲ ಎಂದರೆ ಪಕ್ಕೀರಮ್ಮ ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸುತ್ತಾರೆ.

"ಅವಗ ಆ ಮಾತು ನೆಪ್ಪಿಲ್ಲ್ರಿ," ಎನ್ನುತ್ತಾರೆ. "ನನಗ ನೆಪ್ಪೈತಿ. ಮನಿಯಾಗ ಒಬ್ಬರಿಗಿದ್ರ ಸಾಕಲ್ರಿ."